ಕೂಡಿ ಆಡುವಲ್ಲಿ ನಿಪುಣನಾರು?

ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಇಂದ್ರನೇ ಮೊದಲಾದ ದೇವತೆಗಳು ಪಿತಾಮಹನನ್ನು ಬೇಡಿದುದು ಒಂದು ಆಟದ ವಸ್ತುವನ್ನು. ಅದು ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ವಿಷಯವಾಗಬೇಕು, ಯಾವ ವರ್ಣದವನಿಗೂ ನಿಷಿದ್ಧವಾಗಿರಕೂಡದು ಎಂಬುದು ಅವರ ಪ್ರಾರ್ಥನೆ. ನಾಟ್ಯದ ಉತ್ಪತ್ತಿಯನ್ನು ಹೇಳುವ ಈ ಕಥೆಯನ್ನು ಬಲ್ಲವರು, ಈಗಿನ ಹುಡುಗರು ಮೊಬೈಲ್ ಫೋನಿನಲ್ಲಿ ಕೂಡಿ ಆಡುವ ಆಟವನ್ನು ಕಂಡು ಮುಖ ತಿರುಗಿಸಿಕೊಂಡು ಹೋಗುವುದು ಯುಕ್ತವಲ್ಲ. ದೃಶ್ಯವೂ ಶ್ರವ್ಯವೂ ಆದ ಕ್ರೀಡನೀಯಕವೊಂದು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಟ್ಟಿಹಟ್ಟಿಗೂ ಬಂದು ಸೇರಿದೆ. ಅದು ಒಳ್ಳೆಯದೋ ಕೆಟ್ಟದೋ ಎಂಬುದು ಆಮೇಲಿನ ಮಾತು. ಅದು ಏನೆಂಬುದನ್ನು ವಿಮರ್ಶಕನಾದವನು ಮೊದಲು ತಿಳಿಯತಕ್ಕುದು.

ವಿದ್ಯಾವಂತರ ಮನೆಗಳಲ್ಲಿ ಬೇರೂರಿರುವ ಪೂರ್ವಪಕ್ಷವು ಹೀಗಿದೆ: ಹುಡುಗನು ಬಾಗಿಲು ಮುಚ್ಚಿಕೊಳ್ಳುತ್ತಾನೆ, ಕರೆದರೆ ಓಗೊಡುವುದಿಲ್ಲ, ನೆಂಟರು ಬಂದರೆ ತಲೆಯೆತ್ತುವುದಿಲ್ಲ, ಆದುದರಿಂದ ಆಟದಲ್ಲಿ ಎಷ್ಟು ಚತುರನೋ ಲೋಕವ್ಯವಹಾರದಲ್ಲಿ ಅಷ್ಟೇ ಜಡನು. ಈ ಪಕ್ಷವನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ ೨೦೨೨ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನಕ್ಕೂ ಒಂದು ಸ್ಥಾನ ದೊರೆತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥವರ ಚಿಕಿತ್ಸೆಗಾಗಿಯೇ ಒಂದು ವಿಭಾಗವು ೨೦೧೪ರಲ್ಲಿ ಆರಂಭವಾಯಿತು. ಆದರೆ ಆ ವರ್ಗೀಕರಣವು ಹೇಳುವ ಲಕ್ಷಣದಲ್ಲಿ ಗಂಟೆಗಳ ಎಣಿಕೆಯಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕಾರ್ಯಗಳಿಗಿಂತ ಆಟವೇ ಮುಂದಾಗುವುದು, ಕೇಡು ಕಣ್ಣಿಗೆ ಕಂಡ ಮೇಲೆಯೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ೧೨ ತಿಂಗಳಾದರೂ ನಡೆದಿರುವುದು, ಇಷ್ಟೇ ಅಲ್ಲಿರುವುದು. ವ್ಯಸನಿಯೇ ಬೇರೆ, ನಿಪುಣನೇ ಬೇರೆ. ಸಂಗೀತದ ಹುಚ್ಚು ಹಿಡಿದು ಮನೆ ಕೆಡಿಸಿಕೊಂಡವನನ್ನು ಮುಂದಿಟ್ಟುಕೊಂಡು ಸಂಗೀತ ವಿದ್ವಾಂಸನ ಲಕ್ಷಣವನ್ನು ಬರೆಯುವವರುಂಟೆ?

ನಿಪುಣರಾದ ಆಟಗಾರರು ಜನಸಂಗವನ್ನು ಅರಿಯದವರೆಂಬ ಮಾತನ್ನು ಪರದೇಶದ ವಿದ್ವಾಂಸರು ಪರೀಕ್ಷೆಗೆ ಒಡ್ಡಿದ್ದಾರೆ. ನಿಕ್ ಟೇಲರ್ ಎಂಬವರೂ ಅವರ ಸಹಕಾರಿಗಳೂ ಆಟಗಾರರು ಸೇರುವ ಕೂಟಗಳಿಗೆ ತಾವೇ ಹೋಗಿ ಅವರ ನಡೆನುಡಿಗಳನ್ನು ನೋಡಿ ೨೦೧೪ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪರದೆಯ ಒಳಗಿನ ಗೆಳೆಯನೊಡನೆ ಆಡುತ್ತಲೇ ಪಕ್ಕದವನೊಡನೆ ಮಾತನಾಡುವುದು, ಇನ್ನೊಬ್ಬನ ಆಟವನ್ನು ನೋಡುವುದು, ಕೂಡಿ ಕುಡಿಯುವುದು, ನಗುವುದು, ಹೀಗೆ ಹಲವು ಬಗೆಯ ಸಂಗವು ಒಂದೇ ಕಾಲದಲ್ಲಿ ನಡೆಯುತ್ತಿದ್ದುದೇ ಅವರಿಗೆ ಕಂಡದ್ದು. ಅದಕ್ಕೂ ಮೊದಲು, ೨೦೦೬ರಲ್ಲಿ, ಸ್ಟೈನ್‌ಕೂಲರ್ ಮತ್ತು ವಿಲಿಯಮ್ಸ್ ಎಂಬಿಬ್ಬರು ಇಂಥ ಆಟದ ಲೋಕವನ್ನು ಮನೆಯೂ ಅಲ್ಲದ, ದುಡಿಮೆಯ ಸ್ಥಳವೂ ಅಲ್ಲದ ಮೂರನೆಯ ತಾವೆಂದು ಕರೆದರು. ನಾಲ್ಕು ಜನ ಬಂದು ಕೂರುವ ಅರಳಿಕಟ್ಟೆ ಎಂದರೆ ಕನ್ನಡಿಗರಿಗೆ ಅರ್ಥವಾದೀತು. ಅಲ್ಲಿ ಬೆಳೆಯುವ ಸ್ನೇಹವು ದುಃಖಕ್ಕೆ ಹೆಗಲು ಕೊಡುವ ಜಾತಿಯದಾಗಿರುವುದು ಕಡಮೆ, ತನ್ನಂತಲ್ಲದವರ ಪರಿಚಯ ಮಾಡಿಕೊಡುವ ಜಾತಿಯದೇ ಹೆಚ್ಚು ಎಂದೂ ಅವರು ಸೇರಿಸಿದರು. ಈ ಎರಡನೆಯ ಮಾತು ಬೆಲೆಯುಳ್ಳದ್ದು. ಅದು ಮುಂದೆ ಉಪಯೋಗಕ್ಕೆ ಬರುವುದು.

ಇನ್ನು ಆಟದ ಸ್ವರೂಪ. ಈ ಪ್ರಾಂತದಲ್ಲಿ ಹುಡುಗರ ಬಾಯಲ್ಲಿ ಬಹುಕಾಲದಿಂದ ಇರುವ ಹೆಸರು ಪಬ್‌ಜಿ. ಕೇಂದ್ರ ಸರ್ಕಾರವು ೨೦೨೦ರ ಸೆಪ್ಟೆಂಬರಿನಲ್ಲಿ ಅದನ್ನು ತಡೆಯಿತು. ೨೦೨೧ರ ಜುಲೈಯಲ್ಲಿ ಅದೇ ಆಟವು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಿಂದ ಮರಳಿತು. ೨೦೨೨ರ ಜುಲೈಯಲ್ಲಿ ಮತ್ತೆ ನಿಂತಿತು. ೨೦೨೩ರ ಮೇ ತಿಂಗಳಿನಲ್ಲಿ ಪುನಃ ಬಂದಿತು. ಶಾಲೆಗಳು ಮುಚ್ಚಿದ್ದ ೨೦೨೦ರಲ್ಲಿ ಪಾಠಕ್ಕೆಂದು ಸಾಲ ಮಾಡಿ ಫೋನು ತಂದ ಮನೆಗಳು ಎಷ್ಟೋ. ಪಾಠವು ಶಾಲೆಗೆ ಹಿಂದಿರುಗಿತು, ಫೋನು ಮನೆಯಲ್ಲಿಯೇ ಉಳಿಯಿತು. ನೂರು ಜನ ಆಟಗಾರರು ಒಂದು ವಿಮಾನದಿಂದ ದ್ವೀಪವೊಂದಕ್ಕೆ ಧುಮುಕುವುದು, ಅಲ್ಲಿನ ಪಾಳುಮನೆಗಳಲ್ಲಿ ಆಯುಧ, ಔಷಧಗಳನ್ನು ಹುಡುಕಿಕೊಳ್ಳುವುದು, ಹೊತ್ತು ಹೋದಂತೆ ಕಿರಿದಾಗುವ ಒಂದು ವೃತ್ತದೊಳಗೆ ಉಳಿದುಕೊಳ್ಳುತ್ತ ಕೊನೆಯವರೆಗೆ ನಿಲ್ಲುವುದು, ಇದು ಅದರ ವಸ್ತು. ಒಬ್ಬನೇ ಆಡಬಹುದು; ಆದರೆ ರುಚಿಯೆಲ್ಲ ಇರುವುದು ನಾಲ್ವರು ಒಂದು ಪಂಗಡವಾಗಿ ಆಡುವುದರಲ್ಲಿ. ಆ ನಾಲ್ವರು ಒಂದೇ ಜಗುಲಿಯ ಮೇಲೆ ಇರಬಹುದು. ಒಬ್ಬನು ಚಳ್ಳಕೆರೆಯಲ್ಲಿ, ಒಬ್ಬನು ರಾಂಪುರದಲ್ಲಿ, ಒಬ್ಬನು ಗಡಿಯಾಚೆಯ ರಾಯದುರ್ಗದಲ್ಲಿ, ಇನ್ನೊಬ್ಬನು ಹೆಸರೂ ಊರೂ ತಿಳಿಯದ ಉತ್ತರದೇಶದವನು ಆಗಿರಬಹುದು. ಒಬ್ಬರ ಮಾತು ಒಬ್ಬರಿಗೆ ಕಿವಿಯ ಯಂತ್ರದಿಂದ ಕೇಳುತ್ತಿರುತ್ತದೆ. ರೌದ್ರ ವೀರಗಳು ಇಲ್ಲಿ ಎಷ್ಟರಮಟ್ಟಿಗೆ ರಸವಾಗುವುವು, ಎಷ್ಟರಮಟ್ಟಿಗೆ ರಸಾಭಾಸವಾಗಿಯೇ ನಿಲ್ಲುವುವು ಎಂಬ ಚರ್ಚೆ ಬೇರೆಯೇ ಆದುದು. ಪ್ರಕೃತ ವಿಚಾರವು ಮಾತಿನದು.

ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರೂ ಸೇರಿ ಒಂದೇ ಕಾರಣವಾಗುವುವೆಂದು ಮಮ್ಮಟನು ನಿರ್ಣಯಿಸಿದನಷ್ಟೆ. ಈ ಆಟದಲ್ಲಿ ಬೆರಳಿನ ಚುರುಕು, ಕಣ್ಣಿನ ಗುರಿ ಎಂಬುವು ಶಕ್ತಿಯ ಸ್ಥಾನದಲ್ಲಿವೆ. ಅಭ್ಯಾಸವಂತೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದೆಯೆಂದು ಮನೆಯವರು ದೂರುತ್ತಾರೆ. ನಡುವಿನದಾದ ನಿಪುಣತೆ, ಎಂದರೆ ಲೋಕವನ್ನು ಕಂಡು ಬಂದ ವಿವೇಕ, ಈ ಆಟದಲ್ಲಿ ಎಲ್ಲಿದೆ? ಹುಡುಗರು ಸಾಮಾನ್ಯವಾಗಿ ಎಷ್ಟು ಜನರನ್ನು ಕೆಡವಿದೆನೆಂಬ ಸಂಖ್ಯೆಯನ್ನೇ ಮೊದಲು ಹೇಳುತ್ತಾರೆ. ಅದರಿಂದ ಹಿರಿಯರು ಮಾತ್ರವಲ್ಲದೆ ಆಡುವವರೂ ಶಕ್ತಿಯನ್ನೇ ನಿಪುಣತೆಯೆಂದು ಭ್ರಮಿಸುತ್ತಾರೆ. ವಾಸ್ತವವಾಗಿ ನಿಪುಣತೆ ಇರುವುದು ಜೊತೆಗಾರನೊಡನೆ ನಡೆದುಕೊಳ್ಳುವ ರೀತಿಯಲ್ಲಿ. ಅದಕ್ಕೆ ಒಂದು ದೃಷ್ಟಾಂತವನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು.

ಮರದ ಮರೆಯಲ್ಲಿ ಒಬ್ಬ ಶತ್ರು ಕಂಡನೆಂದು ಇಟ್ಟುಕೊಳ್ಳೋಣ. ಹೊಸಬನು “ಅಲ್ಲಿ ನೋಡೋ, ಅಲ್ಲಿ! ಎಡಗಡೆ!” ಎಂದು ಕೂಗುತ್ತಾನೆ. ಅವನ ಎಡಗಡೆಯು ಜೊತೆಯವನಿಗೆ ಬಲಗಡೆಯಾಗಿರಬಹುದು, ಬೆನ್ನ ಹಿಂದೆಯೂ ಆಗಿರಬಹುದು. “ಅಲ್ಲಿ” ಎಂಬ ಸರ್ವನಾಮಕ್ಕೆ ಅರ್ಥ ಬರುವುದು ಹೇಳುವವನ ಬೆರಳನ್ನು ಕೇಳುವವನು ಕಂಡಾಗ ಮಾತ್ರ; ಇಲ್ಲಿ ಬೆರಳು ಕಾಣದು. ಆದರೂ ತನ್ನ ಕಣ್ಣಿಗೆ ಕಂಡದ್ದು ಎಲ್ಲರಿಗೂ ಕಂಡಿತೆಂಬ ಭಾವ ಅವನದು. ಪಳಗಿದವನು ಹಾಗೆ ಹೇಳುವುದಿಲ್ಲ. ಪರದೆಯ ನೆತ್ತಿಯ ಮೇಲೆ ದಿಕ್ಸೂಚಿಯ ಅಂಕಿಗಳಿರುತ್ತವೆ. ಉತ್ತರದಿಂದ ಎಣಿಸಿದ ಆ ಅಂಶಗಳು ಎಲ್ಲರಿಗೂ ಒಂದೇ. “೨೪೦, ಎರಡನೇ ಮರ, ಒಬ್ಬನೇ, ಪೆಟ್ಟು ತಿಂದಿದಾನೆ” ಎಂದು ಒಂದು ಉಸಿರಿನಲ್ಲಿ ಹೇಳಿ ಸುಮ್ಮನಾಗುತ್ತಾನೆ. ದಿಕ್ಕು, ಗುರುತು, ಸಂಖ್ಯೆ, ಸ್ಥಿತಿ, ಈ ನಾಲ್ಕೂ ಬಂದುವು. ಐದನೆಯದು ಬೇಕಾಗಿರಲಿಲ್ಲ, ಬರಲಿಲ್ಲ. ಸೂತ್ರಕಾರರ ಲಾಘವವೆಂದರೆ ಇದೇ. ತಾನು ನಿಂತ ತಾವನ್ನು ಬಿಟ್ಟು ಕೇಳುವವನು ನಿಂತ ತಾವಿನಲ್ಲಿ ನಿಂತು ನುಡಿಯುವ ಈ ಪದ್ಧತಿಯನ್ನು ಹದಿನೈದು ವರ್ಷದ ಹುಡುಗನಿಗೆ ಯಾವ ವ್ಯಾಕರಣವೂ ಕಲಿಸಲಿಲ್ಲ. ಪತ್ರಲೇಖನವನ್ನು ಕಲಿಸುವ ಉಪಾಧ್ಯಾಯರಿಗೆ ಗೊತ್ತು, ಮಕ್ಕಳಿಂದ ಇದನ್ನು ಮಾಡಿಸುವುದು ಎಷ್ಟು ಕಷ್ಟವೆಂಬುದು.

ಮಾತಿನಷ್ಟೇ ಮೌನವೂ ಇಲ್ಲಿ ವಿದ್ಯೆ. ಮನೆಯೊಳಗೆ ಅಡಗಿದವನಿಗೆ ಹೊರಗಿನ ಹೆಜ್ಜೆಯ ಸಪ್ಪಳವೇ ಕಣ್ಣು. ಆ ಹೊತ್ತಿನಲ್ಲಿ ಜೊತೆಯವನು ಹರಟಿದರೆ ಸಪ್ಪಳ ಮುಳುಗಿಹೋಗುತ್ತದೆ. ತಾನು ಮೊದಲೇ ಸತ್ತು, ಬದುಕಿದವನ ಆಟವನ್ನು ಪರದೆಯಲ್ಲಿ ನೋಡುತ್ತ ಕುಳಿತವನಿಗಂತೂ ನಾಲಗೆಯ ತುರಿಕೆ ಹೆಚ್ಚು. “ಹೀಗೆ ಹೋಗು, ಹಾಗೆ ಹೊಡಿ” ಎಂದು ಕಾಡದೆ, ಕೇಳಿದರೆ ಮಾತ್ರ ಹೇಳಿ, ಆಟವನ್ನು ಬಿಟ್ಟೂ ಹೋಗದೆ ಕಾದಿರುವವನು ಅಪೂರ್ವ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಇಂಥವನಲ್ಲಿ ಅದು ಉಂಟೆಂದರೆ ಆಲಂಕಾರಿಕರು ಕೋಪಿಸಿಕೊಳ್ಳಲಾರರು.

ಬಿದ್ದವನನ್ನು ಎಬ್ಬಿಸುವುದು ಮತ್ತೊಂದು. ಗುಂಡು ತಗುಲಿದ ಆಟಗಾರನು ಕೂಡಲೇ ಸಾಯುವುದಿಲ್ಲ. ಮೊಣಕಾಲೂರಿ ತೆವಳುತ್ತಾನೆ, ಅವನ ಉಸಿರು ಕ್ಷಣಕ್ಷಣಕ್ಕೂ ಇಳಿಯುತ್ತದೆ. ಜೊತೆಯವನೊಬ್ಬನು ಬಂದು ಪಕ್ಕದಲ್ಲಿ ಕುಳಿತು ಸುಮಾರು ಹತ್ತು ಸೆಕೆಂಡು ಕದಲದೆ ಇದ್ದರೆ ಅವನು ಏಳುತ್ತಾನೆ. ಆ ಹತ್ತು ಸೆಕೆಂಡುಗಳಲ್ಲಿ ಎಬ್ಬಿಸುವವನು ಗುಂಡು ಹಾರಿಸಲಾರನು, ಅವನೇ ಗುರಿಯಾಗುತ್ತಾನೆ. ಹೋಗಬೇಕೋ ಬೇಡವೋ, ಹೊಗೆಯ ಮರೆ ಮಾಡಿಕೊಂಡು ಹೋಗಬೇಕೋ, ಕಾವಲಿಗೆ ಇನ್ನೊಬ್ಬನನ್ನು ನಿಲ್ಲಿಸಬೇಕೋ ಎಂಬ ನಿರ್ಣಯವನ್ನು ಎಷ್ಟು ಬೇಗ ಮಾಡುತ್ತಾನೋ, ಬಿದ್ದವನು “ಬರಬೇಡ, ನೀನು ಉಳಿ” ಎನ್ನುತ್ತಾನೋ “ಬಾರೋ, ಬಾರೋ” ಎಂದು ಅರಚುತ್ತಾನೋ, ಇದರಲ್ಲಿ ಆ ನಾಲ್ವರ ಶೀಲವೆಲ್ಲ ಹೊರಬೀಳುತ್ತದೆ. ಬೆರಳು ಚುರುಕಾಗಿದ್ದೂ ಯಾರನ್ನೂ ಎಬ್ಬಿಸದೆ ಮುಂದೆ ಓಡುವವನನ್ನು ಒಂದು ವಾರದಲ್ಲಿಯೇ ಪಂಗಡದವರು ಕರೆಯುವುದನ್ನು ಬಿಡುತ್ತಾರೆ. ಅವರ ಶಾಸ್ತ್ರದಲ್ಲಿಯೂ ಪಂಕ್ತಿಬಾಹ್ಯನೊಬ್ಬನು ಉಂಟು.

ಸಂಬೋಧನೆಯ ವಿಷಯ ಇನ್ನೂ ಕುತೂಹಲಕರವಾದುದು. ಕನ್ನಡದಲ್ಲಿ ಎದುರಿನವನನ್ನು ಮಾತನಾಡಿಸಬೇಕಾದರೆ ನೀನು ಎನ್ನಬೇಕೋ ನೀವು ಎನ್ನಬೇಕೋ ಎಂಬುದು ಮೊದಲು ನಿಶ್ಚಯವಾಗಬೇಕು. ಅದಕ್ಕೆ ವಯಸ್ಸು ತಿಳಿಯಬೇಕು, ಈ ಸೀಮೆಯ ಹಳ್ಳಿಗಳಲ್ಲಿ ಯಾರ ಮಗ, ಯಾವ ಹಟ್ಟಿ, ಯಾವ ಕುಲ ಎಂಬುದೂ ತಿಳಿಯಬೇಕು. ಆಟದಲ್ಲಿ ಇದಾವುದೂ ತಿಳಿಯದು, ವಿಚಾರಿಸಲು ಹೊತ್ತೂ ಇಲ್ಲ. ಊರವರೊಳಗೆ “ಮಗಾ” ಎಂಬುದಿದೆ. ಅಪರಿಚಿತನಿಗೆ “ಅಣ್ಣಾ” ಎಂಬುದಿದೆ, ಅನ್ಯಭಾಷೆಯವನಿಗೆ “ಬ್ರೋ” ಎಂಬುದಿದೆ. ಈ ಕಡೆಯ ಪದವನ್ನು ಕೇಳಿ ಪಂಡಿತರು ಕಿವಿ ಮುಚ್ಚಿಕೊಳ್ಳುವರು. ಅದು ಶ್ರುತಿಕಟುವೆಂಬುದು ನಿಜವೇ. ಆದರೆ ಅಣ್ಣಾ ಎಂಬುದಕ್ಕೂ ಅದಕ್ಕೂ ಅರ್ಥ ಒಂದೇ. ಬೇಡರ ಹುಡುಗನೂ ಗೊಲ್ಲರ ಹುಡುಗನೂ ಲಿಂಗವಂತರ ಹುಡುಗನೂ ಬ್ರಾಹ್ಮಣರ ಹುಡುಗನೂ ಒಬ್ಬರನ್ನೊಬ್ಬರು ಕುಲವಿಚಾರಣೆಯಿಲ್ಲದೆ ಅಣ್ಣಾ ಎಂದು ಕೂಗಿ ತಮ್ಮ ಔಷಧದಲ್ಲಿ ಪಾಲು ಕೊಡುವ ತಾವು ಎರಡೂ ತಾಲ್ಲೂಕುಗಳಲ್ಲಿ ಎಷ್ಟು ಇವೆ? ತೆಲುಗು ಮಾತಿನ ಗಡಿಹಳ್ಳಿಗಳಲ್ಲಿ ಒಂದೇ ಉಸಿರಿನಲ್ಲಿ ಕನ್ನಡ ತೆಲುಗು ಎರಡೂ ಹೊರಡುವುದು ಹಳೆಯ ವಾಡಿಕೆ. ಈಗ ಅದಕ್ಕೆ ಆಟದಿಂದ ಕಲಿತ ಹಿಂದಿಯೂ ಸೇರಿದೆ. ತನ್ನಂತಲ್ಲದವರ ಪರಿಚಯವೆಂದು ಮೇಲೆ ಉಲ್ಲೇಖಿಸಿದ ವಿದ್ವಾಂಸರು ಹೇಳಿದುದು ಇದನ್ನೇ.

ಇಂಥ ವಿದ್ಯೆ ಈ ಸೀಮೆಗೆ ಹೊಸದೂ ಅಲ್ಲ. ಕೋಲಾಟದಲ್ಲಿ ತನ್ನ ಕೋಲನ್ನು ಎಷ್ಟು ಬೀಸಾಗಿ ಹೊಡೆದನೆಂದು ಯಾರೂ ನೋಡುವುದಿಲ್ಲ; ಎದುರಿನವನ ಕೋಲು ಬರುವ ಹೊತ್ತಿಗೆ ಇವನದು ಅಲ್ಲಿತ್ತೇ ಎಂಬುದನ್ನು ನೋಡುತ್ತಾರೆ. ಬಯಲಾಟದ ತಾಲೀಮು ಸುಗ್ಗಿಯ ಮೇಲೆ ರಾತ್ರಿಯ ಹೊತ್ತು ವಾರಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ, ಹೊಲದ ಕೆಲಸ ಕೆಟ್ಟಿತು, ಹುಡುಗರು ಹಗಲು ತೂಕಡಿಸುತ್ತಾರೆ ಎಂಬ ದೂರುಗಳೂ ಇದ್ದುವು. ಆದರೂ ವೇಷಧಾರಿಯು ಪದ ಮರೆತು ನಿಂತಾಗ ಹಿಮ್ಮೇಳದವರು ಒಂದು ಆವರ್ತ ಹೆಚ್ಚು ಬಾರಿಸಿ ಅವನಿಗೆ ಉಸಿರು ಕೊಟ್ಟರೆ, ಸಾರಥಿಯು ಇಲ್ಲದ ಪ್ರಶ್ನೆಯೊಂದನ್ನು ಹಾಕಿ ಅವನನ್ನು ದಾರಿಗೆ ತಂದರೆ, ಅದನ್ನು ಕಂಡುಹಿಡಿದು ತಲೆದೂಗುವ ಮುದುಕರು ಕಂಬಳಿ ಹೊದ್ದು ಮುಂದೆಯೇ ಕುಳಿತಿರುತ್ತಿದ್ದರು. ನಿಪುಣತೆಯು ಬೆಳೆಯುವುದು ಅದನ್ನು ಬಲ್ಲ ಪ್ರೇಕ್ಷಕನ ಎದುರಿನಲ್ಲಿ. ಮೊಬೈಲಿನ ಆಟಕ್ಕೂ ಬಯಲಾಟಕ್ಕೂ ಇರುವ ದೊಡ್ಡ ಅಂತರ ಇದೇ ಹೊರತು, ಹೊಡೆದಾಟವಲ್ಲ. ಹೊಡೆದಾಟವು ಬಯಲಾಟದಲ್ಲಿಯೂ ಬೇಕಾದಷ್ಟಿದೆ.

ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಾಗದು. ಸೋಲು ಬಂದಾಗ ತಾಯಿ ತಂಗಿಯರನ್ನು ಎಳೆದು ಬೈಯುವ ಬೈಗುಳವು ಈ ಆಟದಲ್ಲಿ ನೀರಿನಂತೆ ಹರಿಯುತ್ತದೆ. ಮುಖ ಕಾಣದಿರುವುದೇ ಕುಲವನ್ನು ಮರೆಸಿತು, ಅದೇ ಲಜ್ಜೆಯನ್ನೂ ಮರೆಸಿತು. ಇದರ ಫಲವನ್ನು ಹೆಚ್ಚಾಗಿ ಉಣ್ಣುವವರು ಹೆಣ್ಣುಮಕ್ಕಳು. ದನಿ ಕೇಳಿದೊಡನೆ ಚೇಷ್ಟೆ ಮೊದಲಾಗುವುದರಿಂದ ಆಡುವ ಹುಡುಗಿಯರಲ್ಲಿ ಹಲವರು ಮಾತಿನ ಯಂತ್ರವನ್ನು ಮುಚ್ಚಿಯೇ ಆಡುತ್ತಾರೆ. ಮಾತಿನಲ್ಲಿಯೇ ನೈಪುಣ್ಯವಿರುವ ಆಟದಲ್ಲಿ ಮಾತನ್ನು ಬಿಟ್ಟು ಆಡಬೇಕಾದುದು ಎಂಥ ಅನ್ಯಾಯವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಪರಿಚಿತೆಯ ದನಿ ಕೇಳಿಯೂ ಅಂಕಿ ಗುರುತುಗಳನ್ನೇ ಹೇಳಿ ಆಟವನ್ನು ಮುಂದುವರಿಸುವವನು ಯಾವನೋ ಅವನನ್ನು ನಿಪುಣರ ಪಂಕ್ತಿಯಲ್ಲಿ ಮೊದಲು ಕೂರಿಸತಕ್ಕುದು. ಉಳಿದವರು ಎಷ್ಟು ಜನರನ್ನು ಕೆಡವಿದ್ದರೂ ಅಪಕ್ವರು.

ಧನದ ಅಂತರವೂ ಇದೆ. ಬೆಲೆಯ ಫೋನು ಉಳ್ಳವನ ಪರದೆ ಸರಾಗವಾಗಿ ಹರಿಯುವುದು; ಮಗ್ಗದ ಕೂಲಿಯಿಂದ ಕೊಂಡ ಹಳೆಯ ಫೋನು ನಡುವೆಯೇ ಕಾದು ಕೆಂಡವಾಗಿ ನಿಲ್ಲುವುದು. ಹಳ್ಳಿಯ ಸಂಪರ್ಕ ಕಡಿದುಹೋದವನನ್ನು ಕಾದು, ಅವನ ಗೊಂಬೆಯನ್ನು ಕಾವಲು ಕಾಯುವ ಜೊತೆಗಾರರೂ ಇದ್ದಾರೆ, ಬಿಟ್ಟು ನಡೆಯುವವರೂ ಇದ್ದಾರೆ. ವೇಷಭೂಷಣಗಳಿಗೆಂದು ಹಣ ಸುರಿಸಿ ಪೆಟ್ಟಿಗೆಯೊಳಗೆ ಏನು ಬರುವುದೋ ಎಂದು ತೆರೆಯುವ ಪದ್ಧತಿಯೊಂದು ಆಟದಲ್ಲಿ ಸೇರಿಕೊಂಡಿದೆ; ಅದಕ್ಕೆ ದ್ಯೂತದ ವಾಸನೆಯಿಲ್ಲವೆನ್ನುವುದು ಕಷ್ಟ. ಆದರೂ ದ್ಯೂತವನ್ನೂ ಕ್ರೀಡೆಯನ್ನೂ ಒಂದೇ ಎನ್ನುವುದು ತಪ್ಪು. ಕೌಟಿಲ್ಯನು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ ಗೆದ್ದ ಹಣದಲ್ಲಿ ನೂರಕ್ಕೆ ೫ರಂತೆ ಅರಮನೆಗೆ ಸೇರಿಸಿದನು. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ವಿನೋದಗಳಿಗೂ ಕ್ರೀಡೆಗಳಿಗೂ ಪ್ರಕರಣಗಳೇ ಇವೆ. ಕರ್ಣಾಟಕದ ಶಾಸನಸಭೆಯು ೨೦೨೧ರಲ್ಲಿ ಪಣವೊಡ್ಡಿ ಆಡುವ ಜಾಲದ ಆಟಗಳನ್ನು, ಚಾತುರ್ಯದವನ್ನೂ ಬಿಡದೆ, ನಿಷೇಧಿಸಿತು. ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ಆ ನಿಬಂಧನೆಗಳನ್ನು ರದ್ದುಪಡಿಸಿತು. ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿದ ಅಧಿನಿಯಮವಾದರೋ ಹಣವೊಡ್ಡಿ ಆಡುವುದನ್ನು ಒಂದು ಕಡೆಗಿಟ್ಟು ನಿಷೇಧಿಸಿ, ಸ್ಪರ್ಧೆಯ ಇ-ಕ್ರೀಡೆಯನ್ನೂ ಸಂಗಕ್ಕಾಗಿ ಆಡುವ ಆಟವನ್ನೂ ಬೇರೆ ಕಡೆಗೆ ಎಣಿಸಿತು. ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾ ಕ್ರೀಡೆಗಳಲ್ಲಿ ಇ-ಕ್ರೀಡೆಗೆ ಪದಕವೂ ಇದ್ದಿತು. ಕಾಯಿದೆಯು ಕಂಡುಕೊಂಡ ಭೇದವನ್ನು ಮನೆಗಳು ಇನ್ನೂ ಕಂಡುಕೊಂಡಿಲ್ಲ.

ಇಷ್ಟಾದ ಮೇಲೆ ಪೂರ್ವಪಕ್ಷದವರು ಒಂದು ಪ್ರಶ್ನೆಯನ್ನು ಹಾಕುವರು, ಅದು ನ್ಯಾಯವಾದುದೇ: ರಾಯದುರ್ಗದವನಿಗೆ ದಿಕ್ಕು ಗುರುತುಗಳನ್ನು ಅಷ್ಟು ಅಚ್ಚುಕಟ್ಟಾಗಿ ಹೇಳುವವನು ತಾಯಿ ಕೇಳಿದುದಕ್ಕೆ “ಹೂಂ” ಎಂದು ಮಾತ್ರ ಏಕೆ ಹೇಳುತ್ತಾನೆ? ಮಾತಿನ ವಿದ್ಯೆಯು ಅಲ್ಲಿ ಇದ್ದುದು ಇಲ್ಲಿ ಏಕೆ ಇಲ್ಲ? ವಿದ್ಯೆ ಹೋಗಿಲ್ಲ; ಸಂದರ್ಭ ಬೇರೆಯಾಗಿದೆ. ಅಲ್ಲಿ ನಾಲ್ವರಿಗೂ ಗುರಿ ಒಂದೇ, ಒಬ್ಬನ ಮಾತಿಲ್ಲದೆ ಇನ್ನೊಬ್ಬನಿಗೆ ಗತಿಯಿಲ್ಲ, ಹೇಳಿದ ಮಾತಿನ ಫಲವು ಆ ಕ್ಷಣದಲ್ಲಿಯೇ ಕಾಣುತ್ತದೆ. ಮನೆಯಲ್ಲಿ ಅವನಿಂದ ಅಪೇಕ್ಷಿಸುವುದು ಉತ್ತರವನ್ನಲ್ಲ, ಒಪ್ಪಿಗೆಯನ್ನು. ಶೇಂಗಾ ಬೆಳೆಯ ಲೆಕ್ಕದಲ್ಲಾಗಲಿ ಮಗ್ಗದ ಹಾಸಿನ ಲೆಕ್ಕದಲ್ಲಾಗಲಿ ಹದಿನೈದು ವರ್ಷದವನ ಮಾತು ಬೇಕೆಂದು ಕಾದು ಕುಳಿತ ತಂದೆ ಅಪರೂಪ. ಹಾಗೆಂದು ಹುಡುಗನ ದೋಷವೇ ಇಲ್ಲವೆಂದಲ್ಲ. ಪರರ ಎಡಗಡೆಯನ್ನು ಎಣಿಸಬಲ್ಲವನು ತಾಯಿಯ ಆಯಾಸವನ್ನು ಎಣಿಸದಿರುವುದು ಆಲಸ್ಯವೇ. ಅದನ್ನು ಅಸಾಮರ್ಥ್ಯವೆಂದು ಕರೆದು ವೈದ್ಯರ ಬಳಿಗೆ ಓಡುವುದು ಮಾತ್ರ ಸಲ್ಲದು, ಮೇಲೆ ಹೇಳಿದ ಲಕ್ಷಣಗಳು ಕಂಡ ಹೊರತು.

ಬಯಲಾಟದಲ್ಲಿ ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ಎದುರಾಗಿ, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಕೇಳಿದುದರಿಂದಲೇ ಪಾತ್ರಕ್ಕೆ ಮಾತು ಹೊರಡುತ್ತದೆ. ಆಟ ಮುಗಿಸಿ, ಕಣ್ಣು ಕೆಂಪಾಗಿ, ರಾತ್ರಿ ಹತ್ತರ ಮೇಲೆ ಮುದ್ದೆಯ ತಣಿಗೆಯ ಮುಂದೆ ಕುಳಿತ ಹುಡುಗನನ್ನು ಹಾಗೆ ಕೇಳುವವರಿಲ್ಲ. ಯಾರು ಬಿದ್ದರು, ಯಾರು ಎಬ್ಬಿಸಿದರು, ನೀನು ಆಗ ಏನು ಹೇಳಿದೆ, ಆ ರಾಯದುರ್ಗದವನು ಯಾರ ಪೈಕಿ, ಇವಾವುವೂ ಮನೆಯವರ ನಾಲಗೆಯ ಮೇಲೆ ಬರುವುದಿಲ್ಲ. ಕೇಳುವುದು ಒಂದೇ: “ಹೊತ್ತು ಎಷ್ಟಾಯ್ತು, ಗೊತ್ತೇನೋ?”